ಮೇಸ್ತ್ರಿಯ ಮಗಳು ಬರೆದ ಕಾನೂನು

ಭಾನುವಾರದ ಕೋಳಿ ಸಾರು ತಟ್ಟೆಗಳಲ್ಲಿ ಇನ್ನೂ ಹಬೆಯಾಡುತ್ತಿರುವಾಗಲೇ ವಿಲ್ಮೆರ್ ತಾರಸಿ ಹಾಕುವ ದಿನವನ್ನು ಹೇಳಿಬಿಟ್ಟ.

“ಅಕ್ಟೋಬರ್ ಕೊನೇ ಶನಿವಾರ. ಮಿಕ್ಸರ್‌ಗೆ ಹೇಳಾಗಿದೆ, ಆಳುಗಳಿಗೂ ಹೇಳಾಗಿದೆ. ಹೊಸ ತಾರಸಿಗೆ ಒಳ್ಳೇದಾಗ್ಲಿ ಅಂತ ಬಾಟ್ಲಿ ಒಡೆಯೋಕೆ ಯೆಸೇನಿಯಾ ಚಿಕ್ಕಪ್ಪನೇ ಬರ್ತಾರೆ. ಅಮ್ಮ, ನಲವತ್ತು ಜನಕ್ಕೆ ಅಡಿಗೆ ನಿಂದು.”

“ನಲವತ್ತು ಜನಕ್ಕೆ ಎಂಟು ಬಾತುಕೋಳಿಯಾದ್ರೂ ಬೇಕಲ್ಲೋ,” ಎಂದಳು ತಾಯಿ ಎರ್ಮೆಲಿಂದಾ. ಗೊಣಗಿದಂತೆ ಹೇಳಿದರೂ ಮುಖ ಅರಳಿತ್ತು.

ವಿಲ್ಮೆರ್ ಮರಗೆಲಸದವನು. ಹೆಂಡತಿ ಯೆಸೇನಿಯಾ ಮತ್ತು ಇಬ್ಬರು ಮಕ್ಕಳೊಂದಿಗೆ ಮನೆಯ ಹಿಂಬದಿಯ ಒಂದೇ ಕೋಣೆಯಲ್ಲಿ ಆರು ವರ್ಷದಿಂದ ಸಂಸಾರ ಮಾಡುತ್ತಿದ್ದ. ಮೂರನೆಯದು ಹೊಟ್ಟೆಯಲ್ಲಿತ್ತು. ಮೂರನೇ ಅಂತಸ್ತಿಗೆ ಬೇಕಾದ ಇಟ್ಟಿಗೆ, ಸಿಮೆಂಟು ಆಗಲೇ ಬಾಗಿಲ ಮುಂದೆ ನೀಲಿ ಪ್ಲಾಸ್ಟಿಕ್ಕಿನ ಕೆಳಗೆ ಬಂದು ಕೂತಿದ್ದವು.

ವಿಲ್ಮೆರ್‌ನ ಅಕ್ಕ ನೊಯೆಮಿ ಚಮಚ ಕೆಳಗಿಟ್ಟಳು. “ಅಡಿಗೆ ಏನೂ ಬೇಡಮ್ಮ. ಈ ಮನೆ ಮೇಲೆ ಇನ್ನೊಂದು ಮಾಳಿಗೆ ಏಳಬಾರದು.”

“ಬಂತಪ್ಪ, ಸರ್ಕಾರ ಬಂತು,” ಎಂದ ವಿಲ್ಮೆರ್.

“ಕೆಳಗಿನ ಪಿಲ್ಲರ್ ಎರಡು ಮಾಳಿಗೆ ಹೊತ್ತಿರೋದೇ ಹೆಚ್ಚು. ಅದರ ಕೆಳಗೆ ಬರೀ ಮರಳು. ಗೋಡೆಗೆ ಹಾಕಿರೋದು ಟೊಳ್ಳು ಇಟ್ಟಿಗೆ. ದೊಡ್ಡದೊಂದು ಅಲುಗಿದ್ರೆ…”

“ಅಲುಗಿದ್ರೆ, ಅಲುಗಿದ್ರೆ! ಹನ್ನೊಂದು ವರ್ಷದಿಂದ ಇದೊಂದೇ ಮಾತು ಹೇಳ್ಕೊಂಡು ಸಂಬಳ ತಗೋತಿದ್ದೀಯ.”

ಎಲ್ಲರೂ ಮೇಜಿನ ತುದಿಯತ್ತ ನೋಡಿದರು. ಅಲ್ಲಿ ಕೂತಿದ್ದ ತಂದೆ ದೆಮೆತ್ರಿಯೊಗೆ ಎಪ್ಪತ್ತೊಂದು ವರ್ಷ. ಅಯಾಕುಚೋದ ಬೆಟ್ಟದಿಂದ ಇಳಿದು ಬಂದು, ಲಿಮಾದ ದಕ್ಷಿಣಕ್ಕಿರುವ ಈ ವಿಯಾ ಎಲ್ ಸಲ್ವಾದೋರ್‌ನ ಬರಿ ಮರಳಿನ ಮೇಲೆ ಮೊದಲು ಚಾಪೆಯ ಗುಡಿಸಲು ಹಾಕಿ, ಆಮೇಲೆ ಇಟ್ಟಿಗೆ ಇಟ್ಟವನು. ಸುತ್ತಲಿನ ಬೀದಿಗಳಲ್ಲಿ ನಲವತ್ತೆರಡು ಮನೆ ಅವನ ಕೈಯಲ್ಲೇ ಎದ್ದಿದ್ದವು. ಹೆಸರು ಹಿಡಿದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಮೇಸ್ತ್ರಿ.

“ನಾನು ಕಟ್ಟಿದ್ದು,” ಎಂದ ಮೇಸ್ತ್ರಿ, ಮೂಳೆಯಿಂದ ಮಾಂಸ ಬಿಡಿಸುತ್ತ. “ಮೂರು ಹೊರಲಿ ಅಂತಲೇ ಕಟ್ಟಿದ್ದು.”

“ಅಪ್ಪ, ನವೆಂಬರಿನಲ್ಲಿ ಹೊಸ ಕಾನೂನು ಬರುತ್ತೆ. ಮರಳು ನೆಲದಲ್ಲಿರೋ ಮನೆಗಳು ಕೆಳ ಅಂತಸ್ತನ್ನ ಗಟ್ಟಿ ಮಾಡಿಸದೆ ಮೇಲೆ ಕಟ್ಟೋ ಹಾಗಿಲ್ಲ. ಗಟ್ಟಿ ಮಾಡಿಸೋಕೆ ಸರ್ಕಾರ ಸಹಾಯ ಕೊಡುತ್ತೆ.”

“ಯಾವನು ಬರೆದದ್ದು ಅದನ್ನ?”

“ನಾನೇ.”

ಮೊದಲು ಬಾಯಿ ಬಿಟ್ಟವಳು ಯೆಸೇನಿಯಾ. “ಅತ್ತಿಗೆ, ಮೇಲೆ ನಿಮಗೆ ಎರಡು ಕೋಣೆ. ಒಂದ್ರಲ್ಲಿ ನೀವು, ಇನ್ನೊಂದ್ರಲ್ಲಿ ನಿಮ್ಮ ಕಾಗದ. ಕೆಳಗೆ ನಾವು ನಾಲ್ಕು ಜನ ಒಬ್ಬರ ಕಾಲು ಒಬ್ಬರು ತುಳ್ಕೊಂಡು ಮಲಗ್ತೀವಿ. ಇದೊಂದು ಹುಟ್ಟಿದ ಮೇಲೆ ಎಲ್ಲಿ ಮಲಗಿಸ್ಲಿ? ನಿಮ್ಮ ಕಾನೂನಿನ ಮೇಲಾ?”

“ನನ್ನ ಕೋಣೆ ತಗೊಳ್ಳಿ. ನಾನು ಬೇರೆ ಎಲ್ಲಾದ್ರೂ ಇರ್ತೀನಿ.”

“ನಿನ್ನ ಭಿಕ್ಷೆ ಯಾರಿಗೆ ಬೇಕು?” ವಿಲ್ಮೆರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. “ಕಾನೂನು ಬರೋದ್ರೊಳಗೆ ತಾರಸಿ ಹಾಕಿ ಮುಗಿಸಿರ್ತೀನಿ. ಆಮೇಲೆ ಬಂದು ಒಡೆಸು, ನೋಡೋಣ.”

ಮೇಸ್ತ್ರಿ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಉಂಡಾದ ಮೇಲೆ ಮಗಳ ಕಡೆ ನೋಡದೆ ಹೇಳಿದ: “ನಿನ್ನ ಓದಿಸಿದ್ದು ಈ ಕೈ. ಈ ಕೈ ಕಟ್ಟಿದ್ದನ್ನೇ ನೀನು ಕೆಟ್ಟದ್ದು ಅಂತ ಬರೆದೆ.”

ನೊಯೆಮಿಗೆ ಮೂವತ್ತೆಂಟು. ಎಂಜಿನಿಯರಿಂಗ್ ಓದುವಾಗ ಪಿಸ್ಕೋ ಊರು ಭೂಕಂಪಕ್ಕೆ ಬಿದ್ದಿತ್ತು. ಕಾಲೇಜಿನವರು ಲಾರಿಯಲ್ಲಿ ಅಕ್ಕಿ, ಕಂಬಳಿ ತುಂಬಿಕೊಂಡು ಹೋದಾಗ ಇವಳೂ ಹೋಗಿದ್ದಳು. ಅಲ್ಲಿ ನಾಲ್ಕು ದಿನ ಅವಳು ಮಾಡಿದ ಕೆಲಸವೆಂದರೆ ಬಾಗಿಲುಗಳನ್ನು ಕಿತ್ತು ಹೆಣ ಸಾಗಿಸಲು ಕೊಡುವುದು. ಒಂದು ಕಡೆ ಹೊಸ ತಾರಸಿಯೊಂದು ಸೀಳಿಲ್ಲದೆ ನೆಲದ ಮೇಲೆ ಹಾಸಿಕೊಂಡಿತ್ತು. ಅದರ ಕೆಳಗಿದ್ದ ಮನೆ ಕಾಣಿಸುತ್ತಲೇ ಇರಲಿಲ್ಲ. ಓದು ಮುಗಿದ ಮೇಲೆ ಅವಳು ಕಟ್ಟಡ ಕಟ್ಟುವ ಕಂಪನಿ ಸೇರಲಿಲ್ಲ. ಸಚಿವಾಲಯವೊಂದರ ಮೂಲೆಯ ವಿಭಾಗಕ್ಕೆ ಸೇರಿ, ಮೂರು ಮಂತ್ರಿಗಳು ಬಂದು ಹೋಗುವವರೆಗೆ ಈ ಕಾನೂನಿನ ಕರಡನ್ನೇ ತಿದ್ದಿ ತಿದ್ದಿ ಬರೆದಳು. ನಾಲ್ಕನೆಯವನು ಅದನ್ನು ಓದಿದ.

ಆ ಬುಧವಾರ ಮಂತ್ರಿ ಟೀವಿಯಲ್ಲಿ ಕರಡಿನ ಬಗ್ಗೆ ಮಾತಾಡಿದ. ಅವನ ಪಕ್ಕದಲ್ಲಿ ನೊಯೆಮಿ ನಿಂತಿದ್ದಳು. ಕೆಳಗೆ ಅವಳ ಹೆಸರು ಬಂತು. ಗುರುವಾರ ಬೆಳಿಗ್ಗೆ ಅವಳು ಮೂಲೆಯ ಬೇಕರಿಗೆ ಹೋದಾಗ ಅದರ ಒಡತಿ ದೋನ್ಯಾ ಕ್ರಿಸ್ಪುಲಾ ಬುಟ್ಟಿಯ ಮೇಲೆ ಬಟ್ಟೆ ಎಳೆದಳು.

“ಬ್ರೆಡ್ಡು ಮುಗೀತು.”

“ಬುಟ್ಟಿ ತುಂಬಾ ಇದೆಯಲ್ಲ, ದೋನ್ಯಾ ಕ್ರಿಸ್ಪುಲಾ?”

“ಮನೆ ಇರೋರಿಗೆ ಇಟ್ಟಿದ್ದೀನಿ. ಮನೆ ಕೀಳೋರಿಗಲ್ಲ.” ಹಿಂದೆ ನಿಂತಿದ್ದವರು ನಕ್ಕರು. “ನನ್ನ ಮಗಳು ಮೊಮ್ಮಕ್ಕಳನ್ನ ಕರ್ಕೊಂಡು ಗಂಡನ ಬಿಟ್ಟು ಬಂದಿದ್ದಾಳೆ. ಅವಳಿಗೆ ಮೇಲೆ ಎರಡು ಕೋಣೆ ಎಬ್ಬಿಸೋಣ ಅಂತಿದ್ದೆ. ಈಗ ನಿನ್ನ ಕೇಳಿ ಎಬ್ಬಿಸಬೇಕೇನೇ? ನಿನ್ನ ಮೂಗು ಒರೆಸಿದ ಕೈ ಇದು.”

ಶುಕ್ರವಾರ ಬೆಳಗಾಗುವಷ್ಟರಲ್ಲಿ ಮನೆಯ ಮುಂಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಅಕ್ಷರ ಬಿದ್ದಿತ್ತು: ಬಡವರ ಸೂರು ಕೀಳುವವಳು ಇಲ್ಲಿದ್ದಾಳೆ. ನೊಯೆಮಿ ಬಕೆಟ್ಟು, ಬ್ರಷ್ಷು ಹಿಡಿದು ಹೊರಗೆ ಬಂದರೆ ಮೇಸ್ತ್ರಿ ಆಗಲೇ ಕರಣೆಯಿಂದ ಬಣ್ಣ ಕೆರೆಯುತ್ತಿದ್ದ. ಅವಳು ಹತ್ತಿರ ಹೋಗಿ ಬಕೆಟ್ಟಿಟ್ಟಳು.

“ಗೋಡೆ ನಂದು ಅಂತ ಕೆರೀತಿದ್ದೀನಿ,” ಎಂದ ಅವನು. “ನೀನು ಆಫೀಸಿಗೆ ಹೋಗು.”

ಅಂದಿನಿಂದ ಮನೆಯಲ್ಲಿ ಊಟದ ಹೊತ್ತು ಎರಡಾಯಿತು. ಅವಳು ಬರುವ ಮೊದಲೇ ಗಂಡಸರು ಉಂಡು ಎದ್ದಿರುತ್ತಿದ್ದರು. ತಾಯಿ ತಣ್ಣಗಾದ ಅನ್ನ ಮುಂದಿಟ್ಟು, ಬಟ್ಟೆ ಒಣಹಾಕುವ ನೆವದಲ್ಲಿ ಹೊರಗೆ ಹೋಗುತ್ತಿದ್ದಳು. ಯೆಸೇನಿಯಾ ಮಕ್ಕಳ ಚಡ್ಡಿಗಳನ್ನು ನೊಯೆಮಿಯ ಕೋಣೆಗೆ ಹತ್ತುವ ಮೆಟ್ಟಿಲಿನ ಮೇಲೇ ಸಾಲಾಗಿ ಹರವತೊಡಗಿದಳು. ಕೇಳಿದರೆ, “ಜಾಗ ಎಲ್ಲಿದೆ ಅತ್ತಿಗೆ, ನೀವೇ ತೋರಿಸಿ,” ಎನ್ನುವಳು.

ಒಂದು ಸೋಮವಾರ ನೊಯೆಮಿಗೆ ರಜೆಯಿತ್ತು. ಸೋಮವಾರವೆಂದರೆ ಬೇಳೆ ಮತ್ತು ಅನ್ನ. ಬೇರೆ ದಾರಿಯಿಲ್ಲದೆ ಎಲ್ಲರೂ ಒಂದೇ ಹೊತ್ತಿಗೆ ಕೂತಿದ್ದರು. ಎರಡನೇ ತುತ್ತಿಗೆ ನೆಲ ಗುರ್ರೆಂದಿತು. ಗಾಜಿನ ಲೋಟಗಳು ಒಂದಕ್ಕೊಂದು ತಾಗಿದವು. ಯಾರೂ ಕೂಗಲಿಲ್ಲ, ಇದೇನು ಹೊಸದಲ್ಲ. ತಾಯಿ ಒಲೆ ಆರಿಸಿದಳು, ಯೆಸೇನಿಯಾ ಮಕ್ಕಳ ರಟ್ಟೆ ಹಿಡಿದಳು, ಎಲ್ಲರೂ ಬೀದಿಗೆ ಬಂದು ನಿಂತರು. ಅಕ್ಕಪಕ್ಕದವರೂ ಬಾಯಲ್ಲಿ ತುತ್ತಿಟ್ಟುಕೊಂಡೇ ಹೊರಗೆ ಬಂದಿದ್ದರು. ಇಪ್ಪತ್ತು ಸೆಕೆಂಡಿನಲ್ಲಿ ಎಲ್ಲ ನಿಂತಿತು.

ವಿಲ್ಮೆರ್ ಗೋಡೆಯ ಮೇಲೆ ಅಂಗೈಯಿಂದ ಪಟಪಟ ಬಡಿದು ಬೀದಿಗೆಲ್ಲ ಕೇಳುವಂತೆ ಕೂಗಿದ: “ಬಾರಕ್ಕ ಬಾ! ಭೂತಗನ್ನಡಿ ತಗೊಂಡು ಬಾ! ಎಲ್ಲಿ ಬಿರುಕು? ಕೂದಲೆಳೆಯಷ್ಟು ಬಿರುಕು ತೋರಿಸು, ನಾಳೆನೇ ಇಟ್ಟಿಗೆ ವಾಪಸ್ ಕೊಡ್ತೀನಿ!”

“ಇದು ಸಣ್ಣದು ವಿಲ್ಮೆರ್. ದೊಡ್ಡದು ಬಂದಾಗ ನೂರು ಪಟ್ಟು…”

“ಬಂದಾಗ! ಹಾರೈಸ್ಕೊಂಡು ಕೂತಿದ್ದಾಳೆ ನೋಡ್ರಪ್ಪ. ಬರದಿದ್ರೆ ಇವಳ ಕೆಲಸ ಹೋಗುತ್ತಲ್ಲ!”

ಎದುರುಮನೆಯವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ನಗಲಿಲ್ಲ. ಮೊದಲು ಒಳಗೆ ಹೋದವನು ಅವನೇ. ನೊಯೆಮಿ ಒಳಗೆ ಬಂದಾಗ ಅವನು ಬೇಳೆಯ ತಟ್ಟೆಯನ್ನು ಮುಟ್ಟದೆ, ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದ.

ಊರಿನ ಸಮುದಾಯ ಭವನದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಅಕ್ಟೋಬರ್ ಎರಡನೇ ಶನಿವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಜನ ಬೇಡವೆಂದರೆ ಈ ಪ್ರದೇಶವನ್ನೇ ಕಾನೂನಿನಿಂದ ಕೈಬಿಡುವುದಾಗಿ ಸಚಿವಾಲಯದಲ್ಲಿ ಮಾತಾಗಿತ್ತು. ಅತಿ ಸಡಿಲ ಮರಳು ಇದ್ದದ್ದೇ ಇಲ್ಲಿ. ಇದೊಂದು ಕೈಬಿಟ್ಟರೆ ಹನ್ನೊಂದು ವರ್ಷದ ಕೆಲಸದಲ್ಲಿ ಉಳಿಯುವುದು ಸಿಪ್ಪೆ ಮಾತ್ರ.

ಹಿಂದಿನ ದಿನ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ತಾಯಿ, ನೊಯೆಮಿ ಅಡಿಗೆಮನೆಗೆ ಬರುತ್ತಲೇ ಚಾಕು ಕೆಳಗಿಟ್ಟಳು. “ನಾಳೆ ನಿಮ್ಮಪ್ಪ ಮಾತಾಡ್ತಾರಂತೆ. ಜನ ಅವರನ್ನೇ ಮುಂದೆ ಮಾಡಿದ್ದಾರೆ.”

“ಗೊತ್ತು.”

“ಏನು ಬೇಕಾದ್ರೂ ಹೇಳು. ಆ ಕಡಲ ಮರಳಿನ ಸುದ್ದಿ ಮಾತ್ರ ಎತ್ತಬೇಡ.”

ನೊಯೆಮಿಗೆ ಐದಾರು ವರ್ಷವಾಗಿದ್ದಾಗ ಸಾಮಾನಿನ ಬೆಲೆ ಬೆಳಿಗ್ಗೆಗೊಂದು ಸಂಜೆಗೊಂದು ಆಗುತ್ತಿದ್ದ ಕಾಲ. ನದಿ ಮರಳಿನ ಲಾರಿ ಬರುವುದು ನಿಂತು, ಕಡಲ ದಂಡೆಯ ಮರಳು ಬರುತ್ತಿತ್ತು. ಬೀದಿಯ ಹುಡುಗಿಯರೆಲ್ಲ ಆ ರಾಶಿ ಕೆದಕಿ ಚಿಪ್ಪು ಆರಿಸಿ ಸರ ಮಾಡಿಕೊಳ್ಳುತ್ತಿದ್ದರು. ಉಪ್ಪು ಒಳಗಿನ ಕಬ್ಬಿಣವನ್ನು ವರ್ಷಗಟ್ಟಲೆ ತಿನ್ನುತ್ತದೆ ಎಂದು ಅವಳು ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ.

“ಅವರಿಗೆ ಗೊತ್ತಿತ್ತಾ ಅಮ್ಮ, ಆಗಲೇ?”

“ತೊಳೆದು ಹಾಕ್ತಿದ್ರು. ನೀರೇ ಇರ್ಲಿಲ್ವಲ್ಲೇ, ಟ್ಯಾಂಕರ್ ನೀರು ಕುಡಿಯೋಕೆ ಸಾಲ್ತಿರ್ಲಿಲ್ಲ. ಆದಷ್ಟು ತೊಳೀತಿದ್ರು.” ಎರ್ಮೆಲಿಂದಾ ಮಗಳ ಮುಂಗೈ ಹಿಡಿದುಕೊಂಡಳು. “ಅವರಿಗೆ ಇರೋದು ಒಂದು ಹೆಸರು. ಅದನ್ನ ಬೀದಿಗೆ ಎಳೀಬೇಡ. ಆಣೆ ಮಾಡು.”

ನೊಯೆಮಿ ಆಣೆ ಮಾಡಲಿಲ್ಲ. “ನನ್ನ ಕೈಲಾದಷ್ಟು ನೋಡ್ತೀನಿ,” ಎಂದಳು.

ಭವನ ಕಿಕ್ಕಿರಿದಿತ್ತು. ಸಚಿವಾಲಯದಿಂದ ಬಂದ ಮೂವರು ಹಿರಿಯ ಅಧಿಕಾರಿಗಳ ಜತೆ ವೇದಿಕೆಯ ಮೇಲೆ ಕೂತ ನೊಯೆಮಿ ನಕ್ಷೆ ತೋರಿಸಿ ಮಾತಾಡಿದಾಗ ಹಿಂದಿನಿಂದ ಶಿಳ್ಳೆ ಬಿದ್ದವು. ಆಮೇಲೆ ಮೇಸ್ತ್ರಿಯ ಕೈಗೆ ಮೈಕು ಕೊಟ್ಟರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮೈಕು ಹಿಡಿದು ರೂಢಿಯಿಲ್ಲದೆ ಅದನ್ನು ಎದೆಗೆ ಒತ್ತಿಕೊಂಡಿದ್ದ.

“ನಾವು ಬಂದಾಗ ಇಲ್ಲಿ ನಾಯಿ ಕೂಡ ಇರ್ಲಿಲ್ಲ,” ಎಂದು ಶುರು ಮಾಡಿದ. “ಸರ್ಕಾರ ಇಟ್ಟಿಗೆ ಕೊಡಲಿಲ್ಲ. ನೀರು ಕೊಡಲಿಲ್ಲ. ಈಗ ಬಂದು, ಸಾಕು ಕಟ್ಟಬೇಡಿ ಅಂತಿದೆ. ಪಿಸ್ಕೋ ಬಿದ್ದ ದಿನ ನನ್ನ ನಲವತ್ತೆರಡು ಮನೇಲಿ ಒಂದಾದ್ರೂ ಬಿತ್ತಾ? ಹೇಳಿ!”

“ಇಲ್ಲ!” ಎಂದಿತು ಭವನ.

“ನನ್ನ ಮಗಳು ಓದಿದ್ದಾಳೆ. ಸಂತೋಷ. ಆದ್ರೆ ಒಂದೇ ಒಂದು ಇಟ್ಟಿಗೆ ಹೊತ್ತವಳಲ್ಲ. ಕಾಗದದ ಮೇಲೆ ನಮ್ಮ ಮನೆಗಳನ್ನ ಬೀಳಿಸ್ತಾಳೆ. ಮಕ್ಕಳು ದೊಡ್ಡವರಾದ್ರೆ ನಾವು ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಈ ಕಾನೂನು ಇಲ್ಲಿಗೆ ಬೇಡ.”

ಜನ ಎದ್ದು ನಿಂತು ಕೂಗಿದರು. ವಿಲ್ಮೆರ್ ಕುರ್ಚಿಯ ಮೇಲೆ ಹತ್ತಿ ಕೈ ಬೀಸುತ್ತಿದ್ದ. ಹಿರಿಯ ಅಧಿಕಾರಿ ನೊಯೆಮಿಯತ್ತ ಬಾಗಿ, “ಇಲ್ಲಿಗೆ ಬಿಟ್ಟುಬಿಡೋಣಮ್ಮ. ಬೇರೆ ಕಡೆ ನೋಡೋಣ,” ಎಂದು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದ.

ಅವಳು ಮೈಕು ಎಳೆದುಕೊಂಡಳು. “ಮೇಸ್ತ್ರಿಗಳಿಗೆ ಒಂದೇ ಪ್ರಶ್ನೆ.” ಗದ್ದಲ ಇಳಿಯುವವರೆಗೆ ಕಾದಳು. ಮೂರನೇ ಸಾಲಿನಲ್ಲಿ ತಾಯಿ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು ತಲೆ ಅಲ್ಲಾಡಿಸುತ್ತಿದ್ದಳು. “ಎಂಬತ್ತೆಂಟರಿಂದ ತೊಂಬತ್ತೆರಡರವರೆಗೆ ಕಟ್ಟಿದ ಮನೆಗಳ ಪಿಲ್ಲರಿಗೆ ಯಾವ ಮರಳು ಹಾಕಿದ್ರಿ?”

ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ. ದೆಮೆತ್ರಿಯೊ ಮಗಳನ್ನು ನೋಡಿದ, ಆಮೇಲೆ ಜನರನ್ನು ನೋಡಿದ.

“ಕಡಲಿನದು,” ಎಂದ.

“ತೊಳೆದಿದ್ರಾ?”

“ನೀರಿದ್ದಷ್ಟು.”

ಮೈಕನ್ನು ಪಕ್ಕದವನ ಕೈಗೆ ಕೊಟ್ಟು ಅವನು ಬಾಗಿಲ ಕಡೆ ನಡೆದ. ಜನ ದಾರಿ ಬಿಟ್ಟರು. ಯಾರೂ ಅವನ ಬೆನ್ನು ತಟ್ಟಲಿಲ್ಲ. ಕ್ರಿಸ್ಪುಲಾ ಮಾತ್ರ ಅವನ ತೋಳು ಹಿಡಿದು ನಿಲ್ಲಿಸಿ ಕೇಳಿದಳು: “ನಂದಕ್ಕೂನಾ ಮೇಸ್ತ್ರಿ? ನಂದಕ್ಕೂ ಅದೇನಾ?” ಅವನು ಹೌದೆಂದು ತಲೆ ಹಾಕಿದ.

ನೊಯೆಮಿ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. “ಕರೀರಿ ಅವನನ್ನ! ಮೂವತ್ತು ವರ್ಷದಿಂದ ಹೆಣದ ಪೆಟ್ಟಿಗೇಲಿ ಮಲಗಿಸಿದ್ದಾನೆ ನಮ್ಮನ್ನ!” ವಿಲ್ಮೆರ್ ಬಾಗಿಲಿಗೆ ಅಡ್ಡ ನಿಂತು ಒಬ್ಬನ ಎದೆಗೆ ಕೈಯಿಟ್ಟು ತಳ್ಳುತ್ತಿದ್ದ. ಅಕ್ಕನನ್ನು ಕಂಡದ್ದೇ ಕೈ ಬಿಟ್ಟ.

“ಬಾ, ಬಾ. ನೋಡು ಬಾ. ಹಬ್ಬ ನಡೀತಿದೆ ನಿಂದು.”

“ನಾನು ಹೇಳದೆ ಇದ್ದಿದ್ರೆ…”

“ನೂರು ಜನರ ಮುಂದೆ ಹೇಳಬೇಕಿತ್ತಾ? ಇದೇ ಮನೇಲಿ ಹುಟ್ಟಿ ಬೆಳೆದಿದ್ದೀಯ, ಒಂದು ಸಲ ಮೇಜಿಗೆ ಕೂತು ಅವರ ಹತ್ರ ಕೇಳಿದ್ದೀಯಾ? ಹನ್ನೊಂದು ವರ್ಷ ಬಾಯಲ್ಲಿ ಇಟ್ಕೊಂಡು, ಮೈಕು ಸಿಕ್ಕಿದಾಗ ಉಗುಳಿದೆ!”

ಅವಳು ಅವನನ್ನು ದಾಟಿ ನಡೆದಳು. ಒಳಗೆ ತಾಯಿ ಒಂದು ಗೋಣಿಚೀಲದಲ್ಲಿ ಅವಳ ತಟ್ಟೆ, ಲೋಟ, ಚಹಾದ ಕಪ್ಪು ಕಟ್ಟಿಟ್ಟಿದ್ದಳು.

“ಇವತ್ತೇನಾ ಅಮ್ಮ?”

“ನಿಮ್ಮಪ್ಪ ಕೋಣೆಯಿಂದ ಹೊರಗೆ ಬರ್ತಿಲ್ಲ. ನೀನಿದ್ರೆ ಬರೋದೂ ಇಲ್ಲ.” ಎರ್ಮೆಲಿಂದಾ ಅಳುತ್ತಿರಲಿಲ್ಲ. ಚೀಲದ ಬಾಯಿಗೆ ಗಂಟು ಹಾಕಿ ಬಿಗಿಮಾಡಿದಳು. “ನೀನು ಹೇಳಿದ್ದು ನಿಜವೇ ಇರಬಹುದು. ನಿಜ ಹೇಳಿದೋಳಿಗೆ ಅನ್ನ ಹಾಕೋಕೆ ನನಗೆ ಕೈ ಬರ್ತಿಲ್ಲ. ಹೋಗು.”

ನೊಯೆಮಿ ಸಚಿವಾಲಯದ ಹತ್ತಿರ ಬಾಡಿಗೆ ಕೋಣೆ ಹಿಡಿದಳು. ಅವಳು ಬಿಟ್ಟ ಎರಡು ಕೋಣೆಗೆ ವಿಲ್ಮೆರ್ ಮರುದಿನವೇ ಮಂಚ ಏರಿಸಿದನೆಂದು ತಿಳಿಯಿತು. ಅಕ್ಟೋಬರ್ ಕೊನೆಯ ಶನಿವಾರ ತಾರಸಿ ಹಾಕಲಾಗಲಿಲ್ಲ. ಆಳುಗಳು ಬರಲು ಒಪ್ಪಲಿಲ್ಲ, ಯೆಸೇನಿಯಾಳ ಚಿಕ್ಕಪ್ಪ ಫೋನ್ ಎತ್ತಲಿಲ್ಲ. ಇಟ್ಟಿಗೆಯನ್ನು ವಿಲ್ಮೆರ್ ಅರ್ಧ ಬೆಲೆಗೆ ಮಾರಿದ. ಕಾನೂನಿಗೆ ನವೆಂಬರಿನಲ್ಲಿ ಸಹಿ ಬಿತ್ತು, ಅವರ ಊರೂ ಅದರಲ್ಲಿ ಸೇರಿತು. ಕಚೇರಿಯವರು ಕೇಕು ತರಿಸಿ ಅವಳ ಹೆಸರು ಬರೆಸಿದ್ದರು. ಅವಳು ಎಲ್ಲರಿಗೂ ಕತ್ತರಿಸಿ ಕೊಟ್ಟು, ತನ್ನ ಪಾಲನ್ನು ಕಾಗದದ ತಟ್ಟೆಯಲ್ಲೇ ಬಿಟ್ಟಳು. ಮನೆಗೆ ಮೂರು ಸಲ ಫೋನ್ ಮಾಡಿದಳು. ಒಮ್ಮೆ ಯೆಸೇನಿಯಾ ಎತ್ತಿ, “ಹೆಣ್ಣುಮಗು. ಚೆನ್ನಾಗಿದೆ. ಬರೋದು ಬೇಡ,” ಎಂದು ಇಟ್ಟಳು.

ಮನೆ ಗಟ್ಟಿಮಾಡುವ ಕೆಲಸವನ್ನು ತರಬೇತಿಯಾದ ಮೇಸ್ತ್ರಿಗಳೇ ಮಾಡಬೇಕೆಂದು ಕಾನೂನಿನಲ್ಲಿತ್ತು. ಅದನ್ನು ಬರೆದವಳೂ ಅವಳೇ. ಮೊದಲ ತರಬೇತಿ ಜನವರಿಯಲ್ಲಿ ವಿಯಾ ಎಲ್ ಸಲ್ವಾದೋರ್‌ನ ಒಂದು ಶಾಲೆಯಲ್ಲಿ ನಡೆಯಿತು. ಅಲ್ಲಿ ಜನವರಿಯೆಂದರೆ ಬೇಸಗೆ, ಸೆಕೆಗೆ ಕಿಟಕಿಗಳನ್ನೆಲ್ಲ ತೆರೆದಿದ್ದರು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮೂವತ್ತು ಮೇಸ್ತ್ರಿಗಳು ಮೊಣಕಾಲು ಮಡಚಿ ಕೂತಿದ್ದರು. ನೊಯೆಮಿ ಒಳಗೆ ಬಂದು ಹಾಜರಿ ಪಟ್ಟಿ ಓದತೊಡಗಿದಳು. ಹತ್ತೊಂಬತ್ತನೇ ಹೆಸರು ಅಪ್ಪನದು. ಅದನ್ನೂ ಓದಿದಳು.

“ಹಾಜರಿದ್ದೀನಿ,” ಎಂದ ದೆಮೆತ್ರಿಯೊ ಹಿಂದಿನ ಸಾಲಿನಿಂದ. ಸೊರಗಿ ಹೋಗಿದ್ದ. ಪಕ್ಕದ ಬೆಂಚು ಖಾಲಿಯಿತ್ತು. ಯಾರೂ ಅವನ ಬಳಿ ಕೂತಿರಲಿಲ್ಲ.

ಅವಳು ಹಲಗೆಯ ಮೇಲೆ ಪಿಲ್ಲರಿನ ಚಿತ್ರ ಬರೆದು, ಹಳೆಯದರ ಸುತ್ತ ಹೊಸ ಕಂಬಿ ಕಟ್ಟುವುದು ಹೇಗೆ, ರಿಂಗುಗಳನ್ನು ಎಷ್ಟು ಹತ್ತಿರ ಹಾಕಬೇಕು ಎಂದು ವಿವರಿಸಿದಳು. ಮೇಸ್ತ್ರಿ ಮೊಮ್ಮಗನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಕೈ ಎತ್ತಿದ.

“ಮೇಡಂ, ಒಂದು ಕೇಳಬಹುದಾ?”

ಹುಟ್ಟಿದಾಗಿನಿಂದ ಅವಳನ್ನು ಏಕವಚನದಲ್ಲಲ್ಲದೆ ಅವನು ಮಾತಾಡಿಸಿದವನಲ್ಲ. ಅವಳು ಸೀಮೆಸುಣ್ಣ ಕೆಳಗಿಟ್ಟಳು. “ಕೇಳಿ.”

“ಒಳಗಿನ ಕಂಬಿಗೆ ಉಪ್ಪು ಹಿಡಿದಿದ್ರೆ, ಹಾಗೇ ಬಿಟ್ಟು ಹೊರಗಿಂದ ಕಟ್ಟಬಹುದಾ? ಇಲ್ಲ ಒಡೆದು ತೆಗೀಬೇಕು ಅಂತೀರಾ?”

ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡಿದರು. ಒಬ್ಬ ಕಿಸಕ್ಕೆಂದ.

“ಗಾರೆ ಒಡೆದು, ತುಕ್ಕು ಹಿಡಿದಷ್ಟೂ ಕೆರೆದು, ಪೂರ್ತಿ ತಿಂದುಹೋಗಿದ್ರೆ ಕತ್ತರಿಸಿ ಬೇರೆ ಹಾಕಬೇಕು,” ಎಂದಳು. “ಮೊದಲು ಮೇಲಿನ ಭಾರಕ್ಕೆ ಆಸರೆ ಕೊಟ್ಟು. ಒಂದು ಸಲಕ್ಕೆ ಒಂದೇ ಪಿಲ್ಲರ್.”

ಅವನು ಬರೆದುಕೊಂಡ. “ಅಂಥವು ನಲವತ್ತೆರಡರಲ್ಲಿ ಹದಿನೇಳು ಮನೆ. ಡಿಸೆಂಬರಿನಲ್ಲಿ ಒಂದೊಂದಕ್ಕೂ ಹೋಗಿ ಒಡೆದು ನೋಡಿ ಬಂದೆ. ಕೆಲವರು ಒಳಗೆ ಬಿಟ್ಟರು, ಕೆಲವರು ನೀರೆರಚಿದರು.” ದನಿಯಲ್ಲಿ ದೂರಿರಲಿಲ್ಲ. “ನನಗೆ ವಯಸ್ಸಾಯ್ತು. ಎಲ್ಲ ಮುಗಿಸ್ತೀನಿ ಅಂತ ಹೇಳೋಕಾಗಲ್ಲ. ಯಾವುದರಿಂದ ಶುರು ಮಾಡ್ಲಿ, ನೀವೇ ಹೇಳಿ.”

“ಮಕ್ಕಳು ಹೆಚ್ಚಿರೋ ಮನೆಯಿಂದ.”

ಅವನು ಪುಸ್ತಕದ ಮೇಲೆ ಪೆನ್ಸಿಲ್ ಆಡಿಸುತ್ತ ಲೆಕ್ಕ ಹಾಕಿದ. “ಕ್ರಿಸ್ಪುಲಾ ಮನೇಲಿ ಮೊಮ್ಮಕ್ಕಳು ನಾಲ್ಕು. ಸರಿ, ಅಲ್ಲಿಂದ. ಆಮೇಲೆ ನಂದು.”

ಮಧ್ಯಾಹ್ನ ಅಂಗಳದಲ್ಲಿ ಊಟ ಹಾಕಿದರು, ಅನ್ನ ಮತ್ತು ಹುರಿದ ಮೀನು. ಮೇಸ್ತ್ರಿ ಮರದ ಕೆಳಗಿನ ಕಲ್ಲುಹಾಸಿನ ಮೇಲೆ ಒಬ್ಬನೇ ಕೂತಿದ್ದ. ನೊಯೆಮಿ ತಟ್ಟೆ ಹಿಡಿದು ಹೋಗಿ ಅವನ ಮುಂದೆ ನಿಂತಳು.

“ಅಪ್ಪ, ಇಲ್ಲಿ ಕೂರ್ಲಾ?”

ಅವನು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟ. ತಲೆ ಎತ್ತಲಿಲ್ಲ.

“ನಿಮ್ಮೋರೆಲ್ಲ ಆ ಕಡೆ ಇದ್ದಾರೆ, ಮೇಡಂ,” ಎಂದ. “ಅಲ್ಲಿ ನಿಮಗೆ ಕುರ್ಚಿ ಹಾಕಿದ್ದಾರೆ.”